ಕುದುರೆ ಮೇಲಿಂದ ರಾಜ ಇಳಿದ ಮೇಲೆ

(ಆಧುನಿಕ ಕಲೆಯಲ್ಲಿ ಪ್ರಾಣಿ ಶಿಲ್ಪದ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳೆಯ ನಗರಗಳ ಚೌಕದಲ್ಲಿ ಒಂದು ಕುದುರೆ ನಿಂತಿರುತ್ತದೆ. ಮೇಲೆ ರಾಜನೋ ಸೇನಾಪತಿಯೋ ಕೂತಿರುತ್ತಾನೆ. ಕೆಳಗಿನ ಫಲಕದಲ್ಲಿ ಅವನ ಹೆಸರು, ಅವನು ಗೆದ್ದ ಯುದ್ಧ, ಹುಟ್ಟಿದ ವರ್ಷ, ಸತ್ತ ವರ್ಷ ಎಲ್ಲ ಇರುತ್ತವೆ. ಕುದುರೆಯ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಆದರೆ ಆ ಪ್ರತಿಮೆ ಮಾಡಿದವನ ನಿದ್ದೆ ಕೆಡಿಸಿದ್ದು ರಾಜನಲ್ಲ, ಕುದುರೆ. ಟನ್ನುಗಟ್ಟಲೆ ಕಂಚು ನಾಲ್ಕು ಸಣಕಲು ಕಾಲಿನ ಮೇಲೆ ನಿಲ್ಲಬೇಕು. ಒಂದು ಕಾಲು ಎತ್ತಿಸಿದರೆ ಉಳಿಯೋದು ಮೂರೇ. ಮ್ಯಾಡ್ರಿಡ್‌ನಲ್ಲಿ ನಾಲ್ಕನೇ ಫಿಲಿಪ್ ದೊರೆಯ ಪ್ರತಿಮೆ ಇದೆ, 1640ರದ್ದು, ಪಿಯೆತ್ರೊ ತಕ್ಕಾ ಮಾಡಿದ್ದು. ಅದರಲ್ಲಿ ಕುದುರೆ ಮುಂಗಾಲು ಎರಡನ್ನೂ ಎತ್ತಿದೆ. ಭಾರದ ಲೆಕ್ಕ ಹಾಕೋಕೆ ಗೆಲಿಲಿಯೊ ಸಹಾಯ ಮಾಡಿದ್ದ ಅಂತ ಹೇಳುತ್ತಾರೆ. ಇಷ್ಟೆಲ್ಲ ಪಾಡುಪಟ್ಟರೂ ಹೆಸರು ಬಂದದ್ದು ಮಾತ್ರ ದೊರೆಗೆ.

ಇವತ್ತು ನಾನು ಹೇಳಬೇಕೆಂದಿರುವುದು ಆ ದೊರೆ ಕೆಳಗಿಳಿದ ಮೇಲೆ ಏನಾಯಿತು ಅನ್ನುವುದನ್ನು. ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಕಲೆಗೂ ಜಾತಿಪದ್ಧತಿ ಇತ್ತು. ಪುರಾಣ, ಇತಿಹಾಸ, ಧರ್ಮದ ಕಥೆಗಳು ಮೇಲಿನ ಸಾಲು. ಪ್ರಾಣಿಗಳು, ಹೂವು ಹಣ್ಣುಗಳು ಕೆಳಗಿನ ಸಾಲು. ಬರೀ ಪ್ರಾಣಿ ಮಾಡುವವನನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ನನ್ನ ವಾದ ಏನೆಂದರೆ, ಈ ಅಸಡ್ಡೆಯಿಂದಲೇ ಒಳ್ಳೆಯದಾಯಿತು. ಯಾರೂ ಗಮನಿಸದ ಕಡೆ ಪ್ರಯೋಗ ಮಾಡೋದು ಸುಲಭ ಅಲ್ವಾ? ಮನುಷ್ಯನ ಮೂಗು ಬಿಟ್ಟು ಮುಖ ಕೆತ್ತಿದರೆ ಗಲಾಟೆ ಆಗುತ್ತದೆ. ಹಕ್ಕಿಯ ಗರಿ ಬಿಟ್ಟರೆ ಸ್ವಲ್ಪ ಕಾಲ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಗೊತ್ತಾಗಿ ಕೋರ್ಟಿಗೂ ಹೋಯಿತು, ಆ ಕಥೆಗೆ ಬರುತ್ತೇನೆ.

ಮೊದಲು ಆಂಟ್ವಾನ್ ಲೂಯಿ ಬಾರೀ. ಪ್ಯಾರಿಸ್‌ನವನು, 1795ರಲ್ಲಿ ಹುಟ್ಟಿದವನು. ಅಪ್ಪ ಅಕ್ಕಸಾಲಿಗ, ಇವನೂ ಅಕ್ಕಸಾಲಿ ಕೆಲಸ ಕಲಿತೇ ಬೆಳೆದವನು. 1831ರ ಸಲೋನ್, ಅಂದರೆ ಪ್ಯಾರಿಸ್‌ನ ದೊಡ್ಡ ಅಧಿಕೃತ ಪ್ರದರ್ಶನದಲ್ಲಿ, ಅವನು ಒಂದು ಹುಲಿಯನ್ನು ಇಟ್ಟ. ಉದ್ದ ಮೂತಿಯ ಘರಿಯಾಲ್ ಮೊಸಳೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ ಹುಲಿ. ಅಲ್ಲಿ ಪುರಾಣವಿಲ್ಲ, ನೀತಿಪಾಠವಿಲ್ಲ, ಬೇಟೆಗಾರನೂ ಇಲ್ಲ. ಒಂದು ಪ್ರಾಣಿ ಇನ್ನೊಂದನ್ನು ತಿನ್ನುತ್ತಿದೆ, ಅಷ್ಟೇ. ಜನ ಬೆಚ್ಚಿದರು, ಮೆಚ್ಚಿದರು.

ಪ್ಯಾರಿಸ್‌ನಲ್ಲಿ ಕೂತವನಿಗೆ ಹುಲಿ ಎಲ್ಲಿ ಸಿಕ್ಕಿತು? ಜಾರ್ಡಿನ್ ದೆ ಪ್ಲಾಂತ್ ಎಂಬ ಸಸ್ಯೋದ್ಯಾನದ ಒಳಗೆ ಒಂದು ಮೃಗಾಲಯ ಇತ್ತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಶುರುವಾದದ್ದು, ಈಗಲೂ ಇದೆ. ಬಾರೀ ಮತ್ತು ಅವನ ಗೆಳೆಯ, ಚಿತ್ರಕಾರ ಡೆಲಕ್ರಾ, ಅಲ್ಲೇ ಠಿಕಾಣಿ ಹೂಡುತ್ತಿದ್ದರು. ಒಮ್ಮೆ ಅಲ್ಲಿನ ಸಿಂಹ ಸತ್ತಾಗ ಡೆಲಕ್ರಾ ಅವಸರದಲ್ಲಿ ಬಾರೀಗೆ ಒಂದು ಚೀಟಿ ಕಳಿಸಿದ. ಸಿಂಹ ಸತ್ತಿದೆ, ನಾಗಾಲೋಟದಲ್ಲಿ ಬಾ ಅಂತ. ಸತ್ತ ಪ್ರಾಣಿ ಅಲುಗಾಡುವುದಿಲ್ಲ, ಕೈಯಿಂದ ಮುಟ್ಟಬಹುದು, ಅಳತೆ ತೆಗೆಯಬಹುದು. ಬಾರೀಯ ನೋಟ್‌ಬುಕ್ಕುಗಳ ತುಂಬ ಇಂಥ ಅಳತೆಗಳೇ. ಮೂಳೆ, ಸ್ನಾಯುಗಳ ಮಾಹಿತಿ ಅವನಿಗೆ ಸಿಕ್ಕಿದ್ದು ಹೀಗೆ. ಆದರೆ ಹುಲಿ ಮೊಸಳೆಯ ಜಗಳವನ್ನು ಅವನು ನೋಡಿರಲಿಲ್ಲ, ಪ್ಯಾರಿಸ್‌ನಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಮೈ ನಿಜ, ಜಗಳ ಕಲ್ಪನೆ. ನಾವು ಬಹಳ ವಾಸ್ತವ ಅಂದುಕೊಳ್ಳುವ ಪ್ರಾಣಿ ಶಿಲ್ಪದ ಬುಡದಲ್ಲೇ ಈ ಕಸಿ ಇದೆ.

ಇಂಥವರಿಗೆ ವಿಮರ್ಶಕರು ‘ಅನಿಮಲಿಯೆ’, ಅಂದರೆ ಪ್ರಾಣಿ ಮಾಡುವವನು, ಎಂದು ಹೆಸರಿಟ್ಟರು. ಮೊದಮೊದಲು ಅದು ಹೊಗಳಿಕೆ ಆಗಿರಲಿಲ್ಲ, ಚುಚ್ಚುಮಾತೇ. ಬಾರೀ ಒಬ್ಬ ರಾಜಕುಮಾರನ ಊಟದ ಮೇಜಿಗೆ ಬೇಟೆಯ ದೃಶ್ಯಗಳ ಒಂದು ದೊಡ್ಡ ಅಲಂಕಾರ ಮಾಡಿದ. 1837ರ ಸಲೋನ್ ತೀರ್ಪುಗಾರರು ಅದನ್ನು ಒಳಗೇ ಬಿಡಲಿಲ್ಲ. ಇದು ಅಕ್ಕಸಾಲಿ ಕೆಲಸ, ಕಲೆಯಲ್ಲ ಎಂಬ ಧೋರಣೆ. ಬಾರೀ ಸಣ್ಣ ಸಣ್ಣ ಕಂಚಿನ ಪ್ರಾಣಿಗಳನ್ನು ಎರಕ ಹೊಯ್ದು ಮಧ್ಯಮ ವರ್ಗದ ಮನೆಗಳಿಗೆ ಮಾರಲು ಹೊರಟ. 1848ರಲ್ಲಿ ದಿವಾಳಿಯಾದ. ಆಮೇಲೆ ಅದೇ ಸಸ್ಯೋದ್ಯಾನದ ಮ್ಯೂಸಿಯಂನಲ್ಲಿ ಪ್ರಾಣಿ ಚಿತ್ರ ಕಲಿಸುವ ಮೇಷ್ಟ್ರಾದ. ಆ ಕ್ಲಾಸಿಗೆ ಬಂದ ಹುಡುಗರಲ್ಲಿ ಒಬ್ಬನ ಹೆಸರು ಆಗಸ್ಟ್ ರೋಡಿನ್, ಮುಂದೆ ಬಹಳ ಹೆಸರು ಮಾಡಿದ ಶಿಲ್ಪಿ.

ಮುಂದಿನದು ಕುದುರೆ ಓಟದ ಸಮಸ್ಯೆ. ಜೋರಾಗಿ ಓಡುವ ಕುದುರೆಯ ಕಾಲುಗಳು ಹೇಗಿರುತ್ತವೆ? ಶತಮಾನಗಳಿಂದ ಕಲಾವಿದರು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ, ಆಟಿಕೆ ಕುದುರೆಯ ಹಾಗೆ ಬಿಡಿಸುತ್ತಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಫೋಟೊ ತೆಗೆದ. ನಾಲ್ಕೂ ಕಾಲು ನೆಲ ಬಿಡುವುದು ನಿಜ. ಆದರೆ ಚಾಚಿಕೊಂಡಾಗ ಅಲ್ಲ, ಹೊಟ್ಟೆಯ ಕೆಳಗೆ ಒಟ್ಟಾಗಿ ಮಡಚಿಕೊಂಡಾಗ. ಅಲ್ಲಿಯವರೆಗೆ ಬಂದ ಕುದುರೆ ಚಿತ್ರಗಳಲ್ಲಿ ಎಷ್ಟೋ ಒಂದೇ ಏಟಿಗೆ ಸುಳ್ಳಾದವು.

ಎಡ್ಗರ್ ಡೆಗಾ ಈ ಫೋಟೊಗಳನ್ನು ಹತ್ತಿರದಿಂದ ನೋಡಿದವನು. ಅವನನ್ನು ನಾವು ನೃತ್ಯದ ಹುಡುಗಿಯರ ಚಿತ್ರಕಾರ ಎಂದು ಬಲ್ಲೆವು. ಮನೆಯೊಳಗೆ ಅವನು ಮೇಣದಲ್ಲಿ ಕುದುರೆ ಮಾಡಿಕೊಂಡಿದ್ದ. ನಡೆಯುವ, ಕುಕ್ಕುಲೋಟದ, ಮುಂಗಾಲೆತ್ತಿದ ಕುದುರೆಗಳು. ಒಳಗೆ ತಂತಿಯ ಹಂದರ, ಜಾಗ ತುಂಬಲು ಬಾಟಲಿಯ ಬಿರಡೆ, ಮೇಲೆ ಮೇಣ. ಬಿರುಕು ಬಿಟ್ಟರೆ ಮತ್ತೆ ಮೆತ್ತುವುದು. ಮಾರಲಿಕ್ಕೆ ಮಾಡಿದ್ದಲ್ಲ. ಅವನ ಬದುಕಿನಲ್ಲಿ ಸಾರ್ವಜನಿಕವಾಗಿ ಪ್ರದರ್ಶನ ಕಂಡ ಶಿಲ್ಪ ಒಂದೇ, 1881ರ ಪುಟ್ಟ ನರ್ತಕಿ. 1917ರಲ್ಲಿ ಅವನು ತೀರಿಕೊಂಡ ಮೇಲೆ ಸ್ಟುಡಿಯೊದಲ್ಲಿ ಸುಮಾರು 150 ಶಿಲ್ಪಗಳು ಸಿಕ್ಕವು, ಎಷ್ಟೋ ಒಡೆದುಹೋಗಿದ್ದವು. ಉಳಿದವನ್ನು ಕಂಚಿಗೆ ಎರಕ ಹೊಯ್ದರು. ಇವತ್ತು ನಾವು ಮ್ಯೂಸಿಯಂಗಳಲ್ಲಿ ನೋಡುವುದು ಬಹುಪಾಲು ಆ ಕಂಚುಗಳನ್ನು. ಮೇಣದ ಮೂಲಗಳು ಹೆಚ್ಚಾಗಿ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿವೆ. ಎರಡೂ ನೋಡುವ ಅವಕಾಶ ಸಿಕ್ಕರೆ ಮೇಣದ್ದನ್ನೇ ಮೊದಲು ನೋಡಿ. ಬೆರಳಿನ ಒತ್ತು ಅದರಲ್ಲೇ ಜಾಸ್ತಿ ಗೊತ್ತಾಗುತ್ತದೆ.

ಇಲ್ಲಿಯವರೆಗೆ ಎಲ್ಲರೂ ಕೂಡಿಸುತ್ತಾ ಹೋದವರು. ಸ್ನಾಯು ಸೇರಿಸು, ನಿಖರತೆ ಸೇರಿಸು, ಚಲನೆ ಸೇರಿಸು. ಕಳೆಯುವ ಕೆಲಸಕ್ಕೆ ಕೈಹಾಕಿದವನು ಫ್ರಾನ್ಸ್ವಾ ಪಾಂಪೊನ್. ನನಗೆ ಈತನ ಮೇಲೆ ವಿಪರೀತ ಪ್ರೀತಿ, ಅದನ್ನು ಮುಚ್ಚಿಡುವುದಿಲ್ಲ.

ಪಾಂಪೊನ್ 1855ರಲ್ಲಿ ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಸೋಲ್ಯು ಎಂಬ ಊರಿನಲ್ಲಿ ಹುಟ್ಟಿದ. ಜೀವನದ ಬಹುಭಾಗ ಬೇರೆಯವರಿಗೆ ಕಲ್ಲು ಕಡಿದೇ ಕಳೆದ. ಹೆಸರಾಂತ ಶಿಲ್ಪಿ ಮಣ್ಣಲ್ಲಿ ಮಾದರಿ ಮಾಡಿ ಕೊಡುತ್ತಾನೆ, ಅದನ್ನು ಅಮೃತಶಿಲೆಗೆ ಇಳಿಸುವುದು ಇಂಥ ಕಸುಬುದಾರರ ಕೆಲಸ. ಅವನು ರೋಡಿನ್‌ಗೆ ದುಡಿದ, ಶಿಲ್ಪಿ ಕಮೀಲ್ ಕ್ಲೊಡೆಲ್‌ಗೂ ದುಡಿದ. ರೋಡಿನ್ ಶಿಲ್ಪದ ಮೈ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಉಬ್ಬು, ತಗ್ಗು, ಗಂಟು, ಎಲ್ಲ ಕಡೆ ಬೆಳಕು ಎಡವಿ ಬೀಳುತ್ತದೆ. ದಿನವೆಲ್ಲ ಅದನ್ನೇ ಕೆತ್ತಿದ ಈ ಮನುಷ್ಯ ತನ್ನ ಸ್ವಂತಕ್ಕೆ ಕೆತ್ತಿದ್ದು ಅದಕ್ಕೆ ಪೂರ್ತಿ ಉಲ್ಟಾ. ನಾರ್ಮಂಡಿಯ ಹಳ್ಳಿಯಲ್ಲಿ ಕೋಳಿ, ಬಾತುಗಳನ್ನು ನೋಡುತ್ತಾ ಶುರುಮಾಡಿದ. ಪ್ಯಾರಿಸ್‌ನಲ್ಲಿ ಅದೇ ಜಾರ್ಡಿನ್ ದೆ ಪ್ಲಾಂತ್‌ಗೆ ಹೋಗುತ್ತಿದ್ದ, ಕುತ್ತಿಗೆಗೆ ನೇತುಹಾಕಿಕೊಳ್ಳುವ ಒಂದು ಪುಟ್ಟ ಹಲಗೆಯ ಸಮೇತ. ಪಂಜರದ ಮುಂದೆ ನಿಂತು ಅದರ ಮೇಲೇ ಮಣ್ಣು ಮೆತ್ತುವುದು.

ಮೊದಲು ಅವನು ಪ್ರಾಣಿಯನ್ನು ಎಲ್ಲ ವಿವರದೊಡನೆ ಮಾಡುತ್ತಿದ್ದ. ಆಮೇಲೆ ಒಂದೊಂದಾಗಿ ತೆಗೆಯುತ್ತಾ ಬರುತ್ತಿದ್ದ. 1922ರಲ್ಲಿ, 67ನೇ ವಯಸ್ಸಿನಲ್ಲಿ, ಪ್ಯಾರಿಸ್‌ನ ಶರತ್ಕಾಲದ ಸಲೋನ್‌ನಲ್ಲಿ ಪ್ಲಾಸ್ಟರಿನ ಹಿಮಕರಡಿಯೊಂದನ್ನು ಇಟ್ಟ. ಅಲ್ಲಿಂದ ಅವನ ಹೆಸರು ಮನೆಮಾತಾಯಿತು. ಕಲ್ಲಿನಲ್ಲಿ ಕೆತ್ತಿದ ರೂಪ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ. ಸುಮಾರು ಎರಡೂವರೆ ಮೀಟರ್ ಉದ್ದ.

ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೈಮೇಲೆ ಒಂದು ಕೂದಲೂ ಇಲ್ಲ. ಹಿಮಕರಡಿ ಅಂದರೆ ಮೈತುಂಬ ರೋಮ, ಅದನ್ನೇ ತೆಗೆದುಹಾಕಿದ್ದಾನೆ. ಕಣ್ಣು ಸಣ್ಣ ಗುಳಿ. ಕಿವಿ ಅನ್ನುವುದು ಎರಡು ಪುಟ್ಟ ಉಬ್ಬು. ಪಂಜದಲ್ಲಿ ಉಗುರಿನ ಅಬ್ಬರ ಇಲ್ಲ. ಮೂಗಿನ ತುದಿಯಿಂದ ಒಂದು ಗೆರೆ ಹೊರಟು, ಹಣೆ ದಾಟಿ, ಉದ್ದ ಕತ್ತಿನ ಮೇಲೆ ಹಾದು, ಭುಜದಲ್ಲಿ ಸ್ವಲ್ಪ ಏರಿ, ಬೆನ್ನು ಸೊಂಟಕ್ಕೆ ಬಂದು ಹಿಂಗಾಲಿಗೆ ಇಳಿಯುತ್ತದೆ. ಎಲ್ಲೂ ತುಂಡಾಗುವುದಿಲ್ಲ. ಆ ಗೆರೆಯ ಜೊತೆ ನಿಮ್ಮ ಕಣ್ಣು ಸಾಗುವುದರಿಂದ ಕರಡಿ ನಡೆಯುತ್ತಿದೆ ಅನಿಸುತ್ತದೆ. ಬಾರೀಯ ಹುಲಿಯಲ್ಲಿ ಸ್ನಾಯು ಬಿಗಿದು ಶಕ್ತಿ ತೋರಿಸುತ್ತದೆ. ಇದರಲ್ಲಿ ಸ್ನಾಯು ಎಲ್ಲೂ ಕಾಣದು, ಆದರೂ ಭಾರ ಒಂದು ಕಾಲಿಂದ ಇನ್ನೊಂದಕ್ಕೆ ದಾಟುತ್ತಿರುವುದು ಗೊತ್ತಾಗುತ್ತದೆ. ಎಲ್ಲ ತೆಗೆದ ಮೇಲೂ ಇದು ಯಾವುದೋ ಒಂದು ಕರಡಿ ಆಗದೆ ಹಿಮಕರಡಿಯೇ ಆಗಿ ಉಳಿದಿದೆ ನೋಡಿ, ಕಷ್ಟದ ಕೆಲಸ ಅದು. ಇವತ್ತು ಅಂಗಡಿಗಳಲ್ಲಿ ಸಿಗುವ ನುಣುಪಾದ ಗೊಂಬೆಗಳಲ್ಲಿ ತೆಗೆಯುವುದಷ್ಟೇ ಇರುತ್ತದೆ, ಉಳಿಸುವುದು ಇರುವುದಿಲ್ಲ.

ಪಾಂಪೊನ್‌ಗಿಂತ ಸುಮಾರು ಮೂವತ್ತು ವರ್ಷ ಚಿಕ್ಕವನು ರೆಂಬ್ರಾಂಟ್ ಬುಗಾಟಿ. ಕಾರು ಕಂಪನಿಯ ಎಟ್ಟೋರೆ ಬುಗಾಟಿಯ ತಮ್ಮ. ಪ್ಯಾರಿಸ್ ಮತ್ತು ಆಂಟ್ವರ್ಪ್ ಮೃಗಾಲಯಗಳೇ ಅವನ ಸ್ಟುಡಿಯೊ. ಪ್ರಾಣಿಯ ಎದುರು ನಿಂತು, ಒಣಗದ ಪ್ಲಾಸ್ಟಿಸಿನ್ ಥರದ ಮಣ್ಣಲ್ಲಿ ಅಲ್ಲೇ ಮಾಡಿಬಿಡುತ್ತಿದ್ದ. ಅವನ ಪ್ರಾಣಿಗಳು ಬೇಟೆಯಾಡುವುದಿಲ್ಲ. ಸುಮ್ನೆ ನಿಂತಿರುತ್ತವೆ, ಒಂದಕ್ಕೊಂದು ಮೂತಿ ತಾಗಿಸುತ್ತವೆ, ಬೇಸರದಲ್ಲಿ ತಲೆ ತಗ್ಗಿಸುತ್ತವೆ. ಪಂಜರದ ಪ್ರಾಣಿಯನ್ನು ಪಂಜರದ ಪ್ರಾಣಿಯಾಗಿಯೇ ನೋಡಿದವರಲ್ಲಿ ಈತ ಮುಖ್ಯ ಎಂದು ನನ್ನ ಅಭಿಪ್ರಾಯ. ಬೇರೆಯವರು ಪಂಜರದ ಮುಂದೆ ನಿಂತು ಕಾಡನ್ನು ಕಲ್ಪಿಸಿಕೊಂಡರು. ಮೊದಲ ಮಹಾಯುದ್ಧದಲ್ಲಿ ಆಂಟ್ವರ್ಪ್ ಮೃಗಾಲಯದ ಪ್ರಾಣಿಗಳನ್ನು ಗುಂಡಿಕ್ಕಿ ಕೊಂದರು. ಬುಗಾಟಿ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಗಾಯಾಳುಗಳ ಸೇವೆಗೆ ಸೇರಿದ್ದ. 1916ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ತನ್ನ ಪ್ರಾಣ ತಾನೇ ತೆಗೆದುಕೊಂಡ. ಆಗ ಅವನಿಗೆ 31. ಅವನು ಮಾಡಿದ ಸೊಂಡಿಲೆತ್ತಿ ನಿಂತ ಪುಟ್ಟ ಆನೆ ಆಮೇಲೆ ಅಣ್ಣನ ಅತಿ ದುಬಾರಿ ಕಾರು ರೊಯಾಲ್‌ನ ಮೂತಿಯ ಮೇಲೆ ಕೂತಿತು.

ಆ ಯುದ್ಧದ ಹೊತ್ತಿಗೆ ಕುದುರೆಯೂ ಬದಲಾಯಿತು. 1914ರಲ್ಲಿ ಫ್ರೆಂಚ್ ಶಿಲ್ಪಿ ರೇಮಂಡ್ ದುಶಾಂ ವಿಲ್ಲೋನ್ ಮಾಡಿದ ಕುದುರೆಯಲ್ಲಿ ಗೊರಸು, ಕತ್ತು ಎಲ್ಲಿದೆ ಅಂತ ಹುಡುಕಬೇಕು. ಅದು ಅರ್ಧ ಪ್ರಾಣಿ, ಅರ್ಧ ಪಿಸ್ಟನ್ನು, ಗಾಲಿ, ಸನ್ನೆಕೋಲು. ಅವನು ಅಶ್ವದಳದಲ್ಲಿ ವೈದ್ಯಕೀಯ ಸೇವೆಯಲ್ಲಿದ್ದವನು, 1918ರಲ್ಲಿ ಕಾಯಿಲೆಯಿಂದ ಸತ್ತ. ಎರಡನೇ ಯುದ್ಧದ ಹೊತ್ತಿಗೆ ಇಟಲಿಯ ಮರೀನೊ ಮರೀನಿ ಕುದುರೆ ಮತ್ತು ಸವಾರನನ್ನೇ ಮತ್ತೆ ಮತ್ತೆ ಮಾಡುತ್ತಿದ್ದ. ವೆನಿಸ್‌ನ ಗ್ರ್ಯಾಂಡ್ ಕಾಲುವೆಯ ದಡದಲ್ಲಿ 1948ರ ಒಂದು ಶಿಲ್ಪವಿದೆ, ಸವಾರ ಎರಡೂ ಕೈ ಚಾಚಿ ಕೂತಿದ್ದಾನೆ. ವರ್ಷ ಕಳೆದಂತೆ ಮರೀನಿಯ ಕುದುರೆಗಳು ಕತ್ತು ನೆಟ್ಟಗೆ ಮೇಲಕ್ಕೆ ಚಾಚಿ ಕುಸಿಯತೊಡಗುತ್ತವೆ, ಸವಾರ ಹಿಂದಕ್ಕೆ ಜಾರಿ ಬೀಳುತ್ತಾನೆ. ಲಗಾಮು ಅವನ ಕೈಯಲ್ಲಿ ಇಲ್ಲವೇ ಇಲ್ಲ.

ಈಗ ಕೋರ್ಟಿನ ಕಥೆ. ಕಾನ್‌ಸ್ಟಂಟಿನ್ ಬ್ರಾಂಕುಸಿ, ರುಮೇನಿಯಾದವನು, ಪ್ಯಾರಿಸ್‌ನಲ್ಲಿ ನೆಲೆಸಿದವನು. ಅವನೂ ಸ್ವಲ್ಪ ದಿನ ರೋಡಿನ್ ಬಳಿ ಕೆಲಸ ಮಾಡಿ ಬಿಟ್ಟುಬಂದ. ದೊಡ್ಡ ಮರದ ನೆರಳಲ್ಲಿ ಏನೂ ಬೆಳೆಯುವುದಿಲ್ಲ ಅನ್ನುವುದು ಅವನು ಕೊಟ್ಟ ಕಾರಣ. ಸುಮಾರು 1910ರಲ್ಲಿ ‘ಮಯಾಸ್ತ್ರ’ ಎಂಬ ಹಕ್ಕಿ ಮಾಡಿದ, ರುಮೇನಿಯಾದ ಜನಪದ ಕಥೆಯ ಮಾಯಾಪಕ್ಷಿ. ಅದಕ್ಕೆ ಕೊಕ್ಕು ಇದೆ, ಎದೆ ಇದೆ, ಕಾಲಿದೆ. ಮುಂದೆ ಮುಂದೆ ಹಕ್ಕಿ ಉದ್ದವಾಯಿತು, ಕಾಲು ಸಣ್ಣಗಾಯಿತು, ಕೊಕ್ಕು ತುದಿಯಲ್ಲಿ ಒಂದು ಓರೆ ಕೊಯ್ತ ಅಷ್ಟೇ ಆಯಿತು. 1923ರಿಂದ ಅವನು ಮಾಡಿದ ‘ಆಕಾಶದಲ್ಲಿ ಹಕ್ಕಿ’ ಸರಣಿಯಲ್ಲಿ ರೆಕ್ಕೆಯೂ ಇಲ್ಲ, ಗರಿಯೂ ಇಲ್ಲ. ಮೇಲಕ್ಕೆ ಚಿಮ್ಮಿದ ಒಂದು ತೆಳು ರೂಪ. ಕಂಚಿನ ಹಕ್ಕಿಗಳನ್ನು ಕೈಯಲ್ಲೇ ಉಜ್ಜಿ ಉಜ್ಜಿ ಕನ್ನಡಿ ಮಾಡುತ್ತಿದ್ದ. ನೋಡುವವನ ಮುಖ, ಕಿಟಕಿಯ ಬೆಳಕು ಎಲ್ಲ ಅದರ ಮೈಮೇಲೆ ಹರಿದು ಹೋಗುತ್ತವೆ.

1926ರಲ್ಲಿ ಇಂಥ ಒಂದು ಕಂಚಿನ ಹಕ್ಕಿ ಬೇರೆ ಶಿಲ್ಪಗಳ ಜೊತೆ ಹಡಗಿನಲ್ಲಿ ನ್ಯೂಯಾರ್ಕ್ ತಲುಪಿತು. ಅದು ಫೋಟೊಗ್ರಾಫರ್ ಎಡ್ವರ್ಡ್ ಸ್ಟೈಕನ್ ಕೊಂಡಿದ್ದ ಹಕ್ಕಿ. ಅಮೆರಿಕದಲ್ಲಿ ಕಲಾಕೃತಿಗೆ ಸುಂಕ ಇರಲಿಲ್ಲ. ಆದರೆ ಕಸ್ಟಮ್ಸ್ ಅಧಿಕಾರಿಗಳಿಗೆ ಇದರಲ್ಲಿ ಹಕ್ಕಿ ಕಾಣಲಿಲ್ಲ. ಅಡುಗೆ ಪಾತ್ರೆ, ಆಸ್ಪತ್ರೆ ಸಾಮಾನು ಅನ್ನುವ ವಿಭಾಗಕ್ಕೆ ಸೇರಿಸಿ, ಬೆಲೆಯ ಮೇಲೆ ಶೇಕಡಾ 40 ಸುಂಕ ಹಾಕಿದರು. ಇದರ ವಿರುದ್ಧ ಬ್ರಾಂಕುಸಿ ಪರವಾಗಿ ದಾವೆ ಹೂಡಲಾಯಿತು.

1927ರ ಅಕ್ಟೋಬರಿನಲ್ಲಿ ನಡೆದ ವಿಚಾರಣೆ ಓದಿದರೆ ನಗು ಬರುತ್ತದೆ, ಆದರೆ ಸರ್ಕಾರದ ವಾದ ದಡ್ಡತನದ್ದೇನೂ ಆಗಿರಲಿಲ್ಲ. ಹಿಂದಿನ ತೀರ್ಪೊಂದರ ಪ್ರಕಾರ ಶಿಲ್ಪ ಅಂದರೆ ಪ್ರಕೃತಿಯಲ್ಲಿರುವ ವಸ್ತುವಿನ ಅನುಕರಣೆ ಆಗಿರಬೇಕು. ಇದು ಏನನ್ನು ಅನುಕರಿಸುತ್ತದೆ? ನ್ಯಾಯಾಧೀಶರು ಸ್ಟೈಕನ್‌ನನ್ನು ಕೇಳಿದರು, ಕಾಡಿನಲ್ಲಿ ಇದನ್ನು ಕಂಡರೆ ಹಕ್ಕಿ ಅಂತ ಗುಂಡು ಹಾರಿಸುತ್ತೀರಾ? ಇಲ್ಲ ಅಂದ ಸ್ಟೈಕನ್. ಶಿಲ್ಪಿ ಜೇಕಬ್ ಎಪ್‌ಸ್ಟೈನ್ ಸಾಕ್ಷಿ ಹೇಳಲು ಬಂದಾಗ ಪ್ರಾಚೀನ ಈಜಿಪ್ಟಿನ ಒಂದು ಕಲ್ಲಿನ ಗಿಡುಗವನ್ನೇ ತಂದು ತೋರಿಸಿದ. ಅದರಲ್ಲೂ ರೆಕ್ಕೆ, ಕಾಲು ಸರಿಯಾಗಿ ಬಿಡಿಸಿಲ್ಲ, ಆದರೂ ಸಾವಿರಾರು ವರ್ಷದಿಂದ ಜನ ಅದನ್ನು ಗಿಡುಗ ಎಂದೇ ನೋಡುತ್ತಿದ್ದಾರೆ. 1928ರ ನವೆಂಬರಿನಲ್ಲಿ ತೀರ್ಪು ಬಂತು. ಇದನ್ನು ಹಕ್ಕಿಯ ಜೊತೆ ಹೊಂದಿಸುವುದು ಕಷ್ಟವಾದರೂ ನೋಡಲು ಚೆಂದವಾಗಿದೆ, ವೃತ್ತಿಪರ ಶಿಲ್ಪಿಯೇ ಮಾಡಿದ್ದಾನೆ, ಅನುಕರಿಸದೆ ಒಂದು ಭಾವವನ್ನು ತೋರಿಸುವ ಹೊಸ ಪಂಥ ಹುಟ್ಟಿದೆ ಎಂದು ನ್ಯಾಯಾಲಯ ಒಪ್ಪಿತು. ಸುಂಕ ರದ್ದಾಯಿತು.

ಅಮೂರ್ತ ಶಿಲ್ಪಕ್ಕೆ ಅಮೆರಿಕದ ಕಾನೂನು ಬಾಗಿಲು ತೆರೆದದ್ದು ಒಂದು ಪ್ರಾಣಿ ಶಿಲ್ಪದಿಂದ. ಹೆಸರಲ್ಲಿ ಹಕ್ಕಿ ಇರದಿದ್ದರೆ ಈ ವಾದವೇ ಹುಟ್ಟುತ್ತಿರಲಿಲ್ಲ. ಬ್ರಾಂಕುಸಿಗೆ ಅದು ನೆಪ ಆಗಿರಲಿಲ್ಲ ಅನ್ನುವುದೂ ಮುಖ್ಯ. ಮೀನು ಕಂಡಾಗ ಅದರ ಹುರುಪೆ ಯಾರ ನೆನಪಿಗೆ ಬರುತ್ತದೆ, ನೀರಿನಲ್ಲಿ ಮಿಂಚುವ ವೇಗ ತಾನೇ ಅನ್ನುವ ಅರ್ಥದ ಮಾತು ಅವನದ್ದು. ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂನಲ್ಲಿರುವ 1930ರ ಅವನ ಮೀನನ್ನು ನೋಡಿ. ಬೂದುನೀಲಿ ಅಮೃತಶಿಲೆಯ ಚಪ್ಪಟೆ ಅಂಡಾಕಾರ, ಒಳಗೆ ಬಿಳಿ ಗೆರೆಗಳು ಹರಿದಿವೆ. ನೀರೂ ಮೀನೂ ಒಂದೇ ಕಲ್ಲಿನಲ್ಲಿವೆ.

ಇನ್ನು ಪಿಕಾಸೊ. ಬ್ರಾಂಕುಸಿ ಕಳೆದರೆ ಈತ ಕಸದಿಂದ ಕೂಡಿಸಿದ. 1942, ಜರ್ಮನ್ನರು ಪ್ಯಾರಿಸ್ ಹಿಡಿದಿದ್ದ ಕಾಲ. ಊರಿನ ಕಂಚಿನ ಪ್ರತಿಮೆಗಳನ್ನೇ ಲೋಹಕ್ಕಾಗಿ ಕರಗಿಸುತ್ತಿದ್ದರು. ಪಿಕಾಸೊ ಹಳೆಯ ಸೈಕಲ್ಲಿನ ಸೀಟು ಮತ್ತು ಹ್ಯಾಂಡಲ್ ಸೇರಿಸಿ ಹೋರಿಯ ತಲೆ ಮಾಡಿದ. ಎರಡೇ ವಸ್ತು, ಒಂದು ಜೋಡಣೆ. ಒಂದು ದಿನ ಯಾರಾದರೂ ಇದನ್ನು ಕಂಡು, ನನ್ನ ಸೈಕಲ್ಲಿಗೆ ಹ್ಯಾಂಡಲ್ ಸಿಕ್ಕಿತು ಅಂತ ತೆಗೆದುಕೊಂಡು ಹೋಗಲಿ ಎಂದು ಅವನೇ ತಮಾಷೆ ಮಾಡುತ್ತಿದ್ದ.

1950ರಲ್ಲಿ ದಕ್ಷಿಣ ಫ್ರಾನ್ಸಿನ ವಲೊರಿಸ್‌ನಲ್ಲಿ ಮಾಡಿದ ಮೇಕೆ ಇನ್ನೂ ಗಮ್ಮತ್ತು. ಬಸುರಿ ಮೇಕೆಯ ಪಕ್ಕೆಗೆ ಬೆತ್ತದ ಬುಟ್ಟಿ. ಬೆನ್ನಿಗೆ ತಾಳೆಗರಿಯ ದಿಂಡು. ಕೆಚ್ಚಲಿಗೆ ಎರಡು ಮಣ್ಣಿನ ಕುಡಿಕೆ. ಸಂದುಗಳಿಗೆ ಪ್ಲಾಸ್ಟರ್ ಮೆತ್ತಿ, ಕೊನೆಗೆ ಕಂಚಿಗೆ ಎರಕ. ಮರುವರ್ಷದ ಬಬೂನ್ ಕೋತಿಯ ಮುಖವಂತೂ ಮಗ ಕ್ಲೋಡ್‌ನ ಎರಡು ಆಟಿಕೆ ಕಾರು. ಒಂದನ್ನು ನೆಟ್ಟಗೆ, ಇನ್ನೊಂದನ್ನು ಅದರ ಕೆಳಗೆ ತಲೆಕೆಳಗಾಗಿ ಇಟ್ಟಿದ್ದಾನೆ. ಮೇಲಿನ ಕಾರಿನ ಮುಂಗಾಜು ಕಣ್ಣಾಯಿತು, ಬಾನೆಟ್ಟು ಮೂತಿ, ಎರಡು ಕಾರುಗಳ ನಡುವಿನ ಸಂದು ಬಾಯಿ. ಹೊಟ್ಟೆಗೆ ದುಂಡನೆಯ ದೊಡ್ಡ ಮಡಕೆ, ಅದರ ಹಿಡಿಗಳು ಭುಜ. ಬೆನ್ನು ಬಾಲಕ್ಕೆ ಕಾರಿನ ಸ್ಪ್ರಿಂಗ್ ಪಟ್ಟಿ. ನಮಗೆ ಒಂದೇ ಕ್ಷಣದಲ್ಲಿ ಕೋತಿಯೂ ಕಾಣುತ್ತದೆ, ಕಾರೂ ಕಾಣುತ್ತದೆ. ಯಾವುದನ್ನೂ ಅವನು ಮರೆಮಾಚಿಲ್ಲ. ಮಗ ಆಟಿಕೆ ಕಳೆದುಕೊಂಡು ಎಷ್ಟು ಅತ್ತನೋ ಏನೋ. ಎದೆಗೆ ಅಂಟಿಕೊಂಡ ಮರಿಯ ಬೆನ್ನನ್ನು ಆ ತಾಯಿ ಎರಡೂ ಕೈಯಲ್ಲಿ ಹಿಡಿದಿರುವುದನ್ನು ನೋಡಿದರೆ ಮಾತ್ರ ತಮಾಷೆ ಎಲ್ಲ ಮರೆತುಹೋಗುತ್ತದೆ.

ದೊಡ್ಡ ಹೆಸರುಗಳ ನಡುವೆ ಕಳೆದುಹೋಗುವ ಒಬ್ಬರನ್ನು ಇಲ್ಲಿ ನೆನೆಯಬೇಕು, ಬರ್ಲಿನ್‌ನ ರೆನೆ ಸಿಂಟೆನಿಸ್. ಆಕೆ ಮಾಡಿದ್ದು ಅಂಗೈ ಗಾತ್ರದ ಕತ್ತೆಮರಿ, ಕುದುರೆಮರಿ, ನಾಯಿಗಳು. ದೊಡ್ಡ ಸ್ಮಾರಕಗಳ ಕಾಲದಲ್ಲಿ ಅಷ್ಟು ಚಿಕ್ಕದಾಗಿ ಕೆಲಸ ಮಾಡುವುದೂ ಒಂದು ಹಟ. 1931ರಲ್ಲಿ ಪ್ರಷ್ಯಾದ ಕಲಾ ಅಕಾಡೆಮಿಗೆ ಸೇರಿದ ಮೊದಲ ಶಿಲ್ಪಿ ಮಹಿಳೆ ಆಕೆ. ವಂಶದಲ್ಲಿ ಯಹೂದಿ ರಕ್ತವಿದೆ ಎಂದು ನಾಜಿಗಳು 1934ರಲ್ಲಿ ಹೊರಹಾಕಿದರು. ಬರ್ಲಿನ್ ಚಿತ್ರೋತ್ಸವದಲ್ಲಿ ಕೊಡುವ ಚಿನ್ನದ ಕರಡಿ ಇದೆಯಲ್ಲ, ಆಕೆಯದೇ ವಿನ್ಯಾಸ. ಪ್ರಶಸ್ತಿ ಹಿಡಿದು ನಿಂತವರ ಫೋಟೊ ನಾವೆಲ್ಲ ನೋಡಿದ್ದೇವೆ, ಕರಡಿ ಮಾಡಿದವಳ ಹೆಸರು ಕೇಳಿದವರು ಕಡಿಮೆ.

ಶಿಲ್ಪಿ ಜಿಯಾಕೊಮೆಟ್ಟಿಯ ನಾಯಿ 1951ರದ್ದು. ತಲೆ ಬಗ್ಗಿಸಿ, ಮೂಳೆ ಎದ್ದು, ಮಳೆಯಲ್ಲಿ ನೆಂದು ನಡೆಯುವ ಬೀದಿನಾಯಿಯ ಹಾಗೆ. ಬೀದಿಯಲ್ಲಿ ನಡೆಯುವಾಗ ಒಮ್ಮೆ ನನ್ನನ್ನೇ ಹೀಗೆ ಕಂಡೆ, ಆ ನಾಯಿ ನಾನೇ ಎಂದು ಅವನು ಹೇಳಿದ್ದುಂಟು. ಬ್ರಿಟನ್‌ನ ಹೆನ್ರಿ ಮೂರ್ ತನ್ನ ಸ್ಟುಡಿಯೊ ಕಿಟಕಿಯಾಚೆ ಮೇಯುತ್ತಿದ್ದ ಕುರಿಗಳನ್ನು 1972ರಲ್ಲಿ ಪುಸ್ತಕ ತುಂಬ ಬಿಡಿಸಿದ. ಅದೇ ಹೊಲದಲ್ಲಿ ಅವನ ದೊಡ್ಡ ಕಂಚಿನ ಶಿಲ್ಪವೊಂದು ನಿಂತಿದೆ. ಕುರಿಗಳು ಅದರ ನೆರಳಿಗೆ ಬಂದು ಮೈ ಉಜ್ಜಿಕೊಳ್ಳುತ್ತವೆ. ಇದಕ್ಕಿಂತ ಒಳ್ಳೆಯ ಪ್ರೇಕ್ಷಕರು ಸಿಗಲಿಕ್ಕಿಲ್ಲ.

ಶಿಲ್ಪಿ ಲೂಯಿಸ್ ಬೂರ್ಜ್ವಾಳ ‘ಮಮಾಂ’ (ಫ್ರೆಂಚಿನಲ್ಲಿ ಅಮ್ಮ) ಬಗ್ಗೆ ನಿಮಗೆ ಗೊತ್ತಿರಬಹುದು. 1999ರಲ್ಲಿ ಮಾಡಿದ, ಒಂಬತ್ತು ಮೀಟರ್‌ಗಿಂತ ಎತ್ತರದ ಉಕ್ಕಿನ ಜೇಡ, ಹೊಟ್ಟೆಯಡಿ ಅಮೃತಶಿಲೆಯ ಮೊಟ್ಟೆಗಳ ಚೀಲ. ಮೊದಲು ಲಂಡನ್‌ನ ಟೇಟ್ ಮಾಡರ್ನ್‌ನಲ್ಲಿ ನಿಂತಿತು. ಕಂಚಿನ ಪ್ರತಿಗಳು ಬಿಲ್ಬಾವೊ, ಒಟ್ಟಾವ, ಟೋಕಿಯೊಗಳಲ್ಲಿವೆ. ಆಕೆಯ ಅಮ್ಮ ಹರಿದ ಚಿತ್ರನೇಯ್ಗೆಯ ಪರದೆಗಳನ್ನು ನೇಯ್ದು ರಿಪೇರಿ ಮಾಡುತ್ತಿದ್ದವರು. ಜೇಡವೂ ಹರಿದದ್ದನ್ನು ಮತ್ತೆ ನೇಯುವ ಜೀವಿ, ಅಮ್ಮ ಹಾಗೇ ಇದ್ದಳು ಅನ್ನುವುದು ಆಕೆಯ ಲೆಕ್ಕ. ಕೆಳಗೆ ನಿಂತವರಿಗೆ ಮಾತ್ರ ಅಮ್ಮನ ಆಸರೆಗಿಂತ ಭಯವೇ ಮೊದಲು ಆಗುತ್ತದೆ. ಎರಡೂ ಇರಲಿ ಎಂದೇ ಆಕೆ ಆ ಕಾಲುಗಳನ್ನು ಅಷ್ಟು ಚೂಪಾಗಿ ಮಾಡಿರಬೇಕು. ಅಮೆರಿಕದ ಕಲಾವಿದ ಜೆಫ್ ಕೂನ್ಸ್‌ನ ಸ್ಟೀಲ್ ಮೊಲ 2019ರಲ್ಲಿ 9.1 ಕೋಟಿ ಡಾಲರಿಗೆ ಹರಾಜಾದ ಸುದ್ದಿ ನೀವು ಓದಿರುತ್ತೀರಿ. ಅದರ ಬಗ್ಗೆ ನನಗೆ ಹೇಳಲು ಅದಕ್ಕಿಂತ ಹೆಚ್ಚೇನೂ ಇಲ್ಲ.

ಕೊನೆಗೆ ಒಂದು ಮೋಸದ ಬಗ್ಗೆ, ಒಳ್ಳೆಯ ಅರ್ಥದಲ್ಲಿ. ಅಮೆರಿಕದ ಡೆಬೊರಾ ಬಟರ್‌ಫೀಲ್ಡ್ ಎಪ್ಪತ್ತರ ದಶಕದಿಂದ ಹೆಚ್ಚುಕಡಿಮೆ ಕುದುರೆಗಳನ್ನಷ್ಟೇ ಮಾಡುತ್ತಾ ಬಂದಿದ್ದಾರೆ. ಮೊದಲಿಗೆ ಕೆಸರು, ಕಡ್ಡಿ, ಆಮೇಲೆ ಗುಜರಿ ತಗಡು. ಈಗಿನವು ನದಿ, ಸಮುದ್ರ ದಡಕ್ಕೆ ತಂದು ಹಾಕಿದ ಒಣ ಕೊಂಬೆಗಳಿಂದ ಮಾಡಿದ ಹಾಗೆ ಕಾಣುತ್ತವೆ. ತಟ್ಟಿ ನೋಡಿದರೆ ಕಂಚು. ಮೊದಲು ಆಕೆ ನಿಜವಾದ ಕೊಂಬೆಗಳಿಂದಲೇ ಕುದುರೆ ಕಟ್ಟುತ್ತಾರೆ. ಎಲ್ಲ ಕಡೆಯಿಂದ ಫೋಟೊ ತೆಗೆದು ಮತ್ತೆ ಬಿಚ್ಚುತ್ತಾರೆ. ಒಂದೊಂದು ಕೊಂಬೆಯ ಸುತ್ತ ಅಚ್ಚು ಕಟ್ಟಿ ಕುಲುಮೆಗೆ ಹಾಕಿದರೆ ಒಳಗಿನ ಕಟ್ಟಿಗೆ ಸುಟ್ಟು ಬೂದಿಯಾಗುತ್ತದೆ. ಬೂದಿ ತೆಗೆದ ಖಾಲಿ ಜಾಗಕ್ಕೆ ಕಂಚು ಹೊಯ್ಯುತ್ತಾರೆ. ಆಮೇಲೆ ಫೋಟೊ ನೋಡಿಕೊಂಡು ಬೆಸುಗೆ, ಮೇಲೆ ಮರದ ಬಣ್ಣ ಬರುವಂತೆ ರಾಸಾಯನಿಕ ಲೇಪ. ತೊಗಟೆಯ ಬಿರುಕು, ಹುಳು ಕೊರೆದ ತೂತು ಎಲ್ಲ ಹಾಗೇ ಉಳಿಯುತ್ತವೆ. ಈ ಕುದುರೆಗಳಿಗೆ ಚರ್ಮವೇ ಇಲ್ಲ. ಪಕ್ಕೆಯ ಸಂದಿನಿಂದ ಆಚೆಯ ಗೋಡೆ ಕಾಣುತ್ತದೆ. ಆದರೂ ಕತ್ತು ತಿರುಗಿಸಿದ ರೀತಿ ನೋಡಿದರೆ ಆ ಕುದುರೆಯ ಮನಸ್ಥಿತಿ ಗೊತ್ತಾಗುತ್ತದೆ.

ಉಪನ್ಯಾಸ ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಒಂದನ್ನು ಇಲ್ಲಿ ಸೇರಿಸುತ್ತೇನೆ. ಸಭಿಕರೊಬ್ಬರು ಕೇಳಿದರು, “ಸರ್, ಡೇಮಿಯನ್ ಹರ್ಸ್ಟ್ ಗಾಜಿನ ತೊಟ್ಟಿಯಲ್ಲಿ ಶಾರ್ಕ್ ಇಟ್ಟನಲ್ಲ, ಅದನ್ನು ನೀವು ಯಾಕೆ ತೋರಿಸಲಿಲ್ಲ? ಅದು ಪ್ರಾಣಿ ಶಿಲ್ಪ ಅಲ್ವಾ?”

ಬೇಕೆಂದೇ ಬಿಟ್ಟಿದ್ದೆ. 1991ರಲ್ಲಿ ಬ್ರಿಟನ್‌ನ ಈ ಕಲಾವಿದ ಫಾರ್ಮಾಲ್ಡಿಹೈಡ್ ಎಂಬ, ಹೆಣ ಕೆಡದಂತೆ ಇಡುವ ದ್ರಾವಣ ತುಂಬಿದ ತೊಟ್ಟಿಯಲ್ಲಿ ಟೈಗರ್ ಶಾರ್ಕ್ ಇಟ್ಟ. ಅದು ನಿಧಾನವಾಗಿ ಕೊಳೆಯಿತು, ದ್ರಾವಣ ಮಬ್ಬಾಯಿತು, 2006ರಲ್ಲಿ ಬೇರೆ ಶಾರ್ಕ್ ತಂದು ಹಾಕಿದರು. ಅದರ ಮುಂದೆ ನಿಂತರೆ ಮೈ ಜುಮ್ಮೆನ್ನುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಜುಮ್ಮೆನ್ನುವುದು ಶಾರ್ಕಿನದು. ಹಿಮಕರಡಿಯಲ್ಲಿ ಏನು ಬಿಡಬೇಕು, ಏನು ಉಳಿಸಬೇಕು ಅಂತ ಪಾಂಪೊನ್ ನಿರ್ಧರಿಸಿದ. ಇಲ್ಲಿ ಅಂಥ ನಿರ್ಧಾರ ನನಗೆ ತೊಟ್ಟಿಯಲ್ಲಿ ಮಾತ್ರ ಕಾಣುತ್ತದೆ, ಪ್ರಾಣಿಯಲ್ಲಿ ಅಲ್ಲ. ಅದಕ್ಕೆ ಎದುರಾಗಿ ಚೀನಾದ ಕಲಾವಿದ ತ್ಸಾಯ್ ಗುವೊ ಚಿಯಾಂಗ್ 2006ರಲ್ಲಿ ಬರ್ಲಿನ್‌ನಲ್ಲಿ ತೋರಿಸಿದ 99 ತೋಳಗಳನ್ನು ನೋಡಿ. ತೋಳಗಳ ಹಿಂಡು ಗಾಳಿಯಲ್ಲಿ ಕಮಾನಿನಂತೆ ಹಾರಿ ಒಂದು ಗಾಜಿನ ಗೋಡೆಗೆ ಡಿಕ್ಕಿ ಹೊಡೆದು ಬೀಳುತ್ತದೆ, ಎದ್ದು ಮತ್ತೆ ಹಿಂದಕ್ಕೆ ನಡೆದು ಸಾಲಿಗೆ ಸೇರುತ್ತದೆ. ನೋಡಿದವರು ಸತ್ತ ತೋಳಗಳಿಗೆ ಹುಲ್ಲು ತುಂಬಿದ್ದಾರೆ ಅಂದುಕೊಳ್ಳುತ್ತಾರೆ. ಅಲ್ಲಿ ತೋಳದ ಒಂದು ಕೂದಲೂ ಇಲ್ಲ. ಅಷ್ಟೂ ಬಣ್ಣ ಬಳಿದ ಕುರಿಯ ಚರ್ಮ. ಅದನ್ನು ನಾನು ಧಾರಾಳವಾಗಿ ಶಿಲ್ಪ ಅನ್ನುತ್ತೇನೆ. ಶಾರ್ಕ್ ವಿಷಯದಲ್ಲಿ ಪ್ರಶ್ನೆ ಕೇಳಿದವರು ಒಪ್ಪಲಿಲ್ಲ, ಸಭಾಂಗಣದ ದೀಪ ಆರಿಸುವವರೆಗೂ ನಾವಿಬ್ಬರೂ ಬಾಗಿಲ ಬಳಿ ನಿಂತು ವಾದ ಮಾಡಿದೆವು.